ನೀರು ಕುಡಿಯದ ಗಾಡಿ ತರಹೋದ ಬೊಮ್ಮಲಿಂಗ

ಈ ಕತೆಯನ್ನು ನನಗೆ ಮೊದಲು ಹೇಳಿದವರು ತಾಳದ ರುದ್ರಪ್ಪನವರು. ಪ್ರಾಯದಲ್ಲಿ ಲಾರಿ ಓಡಿಸಿದವರು, ಆಮೇಲೆ ನಮ್ಮೂರ ಭಜನೆ ಮಂಡಳಿಯಲ್ಲಿ ತಾಳ ಹಿಡಿದವರು. ಶನಿವಾರದ ಭಜನೆ ಮುಗಿದು, ಮಂಗಳಾರತಿಯಾಗಿ, ಎಲ್ಲರ ಕೈಗೂ ಒಂದೊಂದು ಬೊಗಸೆ ಮಂಡಕ್ಕಿ ಬಿದ್ದ ಮೇಲೆ ತಾಳ ಕೆಳಗಿಟ್ಟು, "ಕೇಳ್ರಪ್ಪಾ" ಎಂದು ಶುರು ಮಾಡುತ್ತಿದ್ದರು. ಅವರು ಹೇಳಿದ ಹಾಗೆಯೇ ನಾನೂ ಹೇಳುತ್ತೇನೆ. ಎಲ್ಲಾದರೂ ತಪ್ಪಿದರೆ ಆ ಸ್ವಾಮಿ ತಿದ್ದಿಕೊಳ್ಳಲಿ.

ಮಲ್ಲಗೊಂಡನಹಟ್ಟಿಯಲ್ಲಿ ಪಾಲವ್ವ ಎಂಬ ಹೆಣ್ಣುಮಗಳು ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದಳು. ಅವಳ ಮಂಡಕ್ಕಿ ಎಂದರೆ ಮಂಡಕ್ಕಿ! ಮಲ್ಲಿಗೆ ಮೊಗ್ಗಿನಂತೆ ಬಿಳುಪು, ಬಾಯಿಗಿಟ್ಟರೆ ಕರುಂಕುರುಂ ಎನ್ನಬೇಕು. ನಮ್ಮ ಸೀಮೆಯಲ್ಲಿ ಅದರ ಹೆಸರು ಹೇಳಿ ತಲೆ ಎತ್ತಿ ನಡೆಯುತ್ತಿದ್ದರು. ಗಂಡ ಇದ್ದಾಗ ಡೀಸೆಲ್ ಗಾಡಿ ಓಡಿಸುತ್ತಿದ್ದ. ಪಕ್ಕದಲ್ಲಿ ಕೂತು ಕೂತು ಪಾಲವ್ವನೂ ಓಡಿಸುವುದನ್ನು ಕಲಿತಿದ್ದಳು. ಗಂಡ ತೀರಿಕೊಂಡ, ಗಾಡಿಯೂ ಹೋಯಿತು. ಉಳಿದವನು ಒಬ್ಬ ಮಗ, ಬೊಮ್ಮಲಿಂಗ.

ಮಗ ಒಳ್ಳೆಯವನು. ಅವ್ವ ಹಾಕಿದ ಗೆರೆ ದಾಟಿದವನಲ್ಲ. ಅದೇ ಅವನ ಹೆಚ್ಚುಗಾರಿಕೆ, ಅದೇ ಅವ್ವನ ತಲೆನೋವು. "ಬಾಗಿಲು ನೋಡ್ಕೋ" ಅಂದರೆ ಎದುರಿಗೆ ಕೂತು ಬಾಗಿಲನ್ನೇ ನೋಡುತ್ತಿದ್ದ, ನಾಯಿ ಒಳಗೆ ಹೋಗಿ ರೊಟ್ಟಿ ತಿಂದು ಬಂದರೂ ನೋಡುತ್ತಿದ್ದ. ಕೇಳಿದರೆ, "ಬಾಗಿಲು ಎಲ್ಲೂ ಹೋಗಿಲ್ಲ ಅವ್ವಾ!" ಎಂದು ಎದೆ ಉಬ್ಬಿಸುತ್ತಿದ್ದ.

ಹೀಗಿರಲು, ಮೂಟೆ ಸಾಗಿಸುತ್ತಿದ್ದ ಬಾಡಿಗೆ ಟೆಂಪೋದವನು ಒಂದು ದಿನ ಕೈ ಎತ್ತಿದ. "ನಿನ್ನ ಮಂಡಕ್ಕಿಗೆ ತೂಕ ಇಲ್ಲ, ಜಾಗ ಮಾತ್ರ ಬೇಕು ಪಾಲವ್ವಾ. ಇನ್ನು ಮೇಲೆ ನಾನು ಸಿಮೆಂಟು ಹೊಡೀತೀನಿ" ಅಂದುಬಿಟ್ಟ.

ಮಂಡಕ್ಕಿ ಸಂತೆಗೆ ಹೋಗದೆ ಮನೆಯಲ್ಲಿ ಕೂತರೆ ಏನಾಗುತ್ತದೆ? ಮೆತ್ತಗಾಗುತ್ತದೆ. ಮೆತ್ತಗಾದ ಮಂಡಕ್ಕಿಯನ್ನು ಕೇಳುವವರಿಲ್ಲ. ಹೊಸಗೇರಿ ಸಂತೆಯಲ್ಲಿ ಒಂದು ಸಲ ಜಾಗ ತಪ್ಪಿದರೆ ಅಲ್ಲಿ ಇನ್ನೊಬ್ಬರು ಚೀಲ ಬಿಚ್ಚುತ್ತಾರೆ. ಆಮೇಲೆ ಭಟ್ಟಿಯ ಬೆಂಕಿ ಆರಿದ ಹಾಗೆಯೇ.

ಪಾಲವ್ವ ಮನೆದೇವರ ಮುಂದೆ ದೀಪ ಹಚ್ಚಿದಳು. ಕೊರಳಿನ ಚಿನ್ನದ ಗುಂಡಿನ ಸರ ಬಿಚ್ಚಿದಳು. "ಸ್ವಾಮೀ, ಇನ್ನೊಬ್ಬರ ಗಾಡಿ ಕಾಯೋದು ಸಾಕು. ಹಳೇದಾದರೂ ನನ್ನದೇ ಗಾಡಿ ತರ್ತೀನಿ. ಇದು ಹೋದರೆ ಕೊಡೋಕೆ ನನ್ನತ್ರ ಮತ್ತೇನಿಲ್ಲ. ಇಂಜಿನ್ ಕೆಟ್ಟಿರೋದು ನನ್ನ ತಲೆಗೆ ಕಟ್ಟಿಸಬೇಡ" ಎಂದು ಕೈ ಮುಗಿದಳು.

ಭಟ್ಟಿ ಬಿಟ್ಟು ಏಳುವಂತಿಲ್ಲ. ಮಗನನ್ನು ಕರೆದಳು.

"ಬೊಮ್ಮಾ, ಕೆಳಗಿನಹಟ್ಟಿಯಲ್ಲಿ ಒಂದು ಡೀಸೆಲ್ ಗಾಡಿ ಮಾರಾಟಕ್ಕಿದೆ. ಹೋಗಿ ನೋಡ್ಕೊಂಡು ಬಾ. ಡೀಸೆಲ್ ಇಂಜಿನ್ನಿಗೆ ನೀರೇ ಜೀವ. ಗಾಡಿ ನೀರು ಕುಡಿಯುತ್ತಾ ನೋಡು. ನೀರು ಕುಡಿಯೋ ಗಾಡಿ ನಮಗೆ ಬೇಡ!"

"ಆಗಲಿ ಅವ್ವಾ!"

ಹೋದ. ಗಾಡಿ ಅಂಗಳದಲ್ಲಿ ನಿಂತಿತ್ತು. ಬೊಮ್ಮಲಿಂಗ ಬಾವಿಯಿಂದ ಒಂದು ಬಕೆಟ್ ನೀರು ಸೇದಿ ಗಾಡಿಯ ಮೂತಿಗೆ ಹಿಡಿದ. ಎತ್ತಿಗೆ ನೀರು ಕುಡಿಸುವಾಗ ಹಾಕುತ್ತಾರಲ್ಲ, ಹಾಗೆ ಶಿಳ್ಳೆ ಹಾಕಿದ. "ಕುಡಿಯಪ್ಪಾ, ಕುಡಿ" ಎಂದು ಬಾನೆಟ್ಟಿನ ಮೇಲೆ ಕೈಯಾಡಿಸಿದ. ಗಾಡಿ ಅಲ್ಲಾಡಲಿಲ್ಲ. ಬಿಸಿಲು ಏರಿತು, ಇಳಿಯಿತು. ಶಿಳ್ಳೆ ಹಾಕಿ ಹಾಕಿ ತುಟಿ ಒಣಗಿ, ಬಕೆಟ್ಟಿನ ನೀರನ್ನು ಅವನೇ ಕುಡಿದ. ಮನೆಗೆ ಬಂದ. ಹೇಗೆ ಬಂದ? ಎದೆ ಮುಂದೆ, ಹೊಟ್ಟೆ ಹಿಂದೆ, ಬೀದಿಯ ನಟ್ಟನಡುವೆ ಬಂದ.

"ಅವ್ವಾ! ಹೇಳಿದ್ದು ಹೇಳಿದ ಹಾಗೆ ಮಾಡಿದೆ! ಗಾಡಿ ಒಂದು ತೊಟ್ಟೂ ಕುಡೀಲಿಲ್ಲ!"

"ನನ್ನಪ್ಪಾ! ಎಷ್ಟು ದೂರ ಓಡಿಸಿ ನೋಡಿದೆ?"

"ಓಡಿಸೋದ್ಯಾಕೆ? ಬಕೆಟ್ ಹಿಡಿದೆ, ಶಿಳ್ಳೆ ಹಾಕಿದೆ. ಮೂತಿ ಕೂಡ ಅಲ್ಲಾಡಿಸಲಿಲ್ಲ. ಭಾರಿ ಗತ್ತಿನ ಗಾಡಿ!"

ಪಾಲವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪುಣ್ಯವೇ! ಅದೇನು ಎತ್ತೇನೋ ಬಕೆಟ್ಟಿಗೆ ಬಾಯಿ ಹಾಕೋಕೆ? ಓಡಿಸಿದಾಗ ಒಳಗಿನ ನೀರು ಕಡಿಮೆ ಆಗುತ್ತಾ ಅಂತ ನೋಡೋದು ಕಣೋ! ಹೋಗಲಿ. ಗೋವಿನಕೆರೆಯಲ್ಲಿ ಇನ್ನೊಂದು ಗಾಡಿ ಇದೆಯಂತೆ, ಸಿದ್ರಾಮಜ್ಜಂದು. ಈ ಸಲ ಬಕೆಟ್ ಮುಟ್ಟಬೇಡ. ಮೊದಲು ಬಾಯಿ ತೆಗೆಸು. ಬಾಯಿ ತೆಗೆಸಿ ಒಳಗೆ ನೋಡು. ಒಳಗೆ ಕೆಂಪಗಿದ್ದರೆ ತುಕ್ಕು ಹಿಡಿದಿದೆ ಅಂತ. ಅಂಥದ್ದು ಬೇಡ!"

"ಇಷ್ಟೇನಾ? ಬಾಯಿ ತೆಗೆಸ್ತೀನಿ ಅವ್ವಾ!"

ಹೋದ. ಸಿದ್ರಾಮಜ್ಜ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸುತ್ತಿದ್ದ.

"ಅಜ್ಜಾ, ಗಾಡಿ ನೋಡೋಕೆ ಬಂದೆ. ಬಾಯಿ ತೆಗಿ."

"ಏನಂದಿ?"

"ಬಾಯಿ ತೆಗಿ ಅಜ್ಜಾ. ಒಳಗೆ ನೋಡಬೇಕು."

ಅಜ್ಜನಿಗೆ ಕಿವಿ ಮಂದ, ಮರ್ಯಾದೆ ಜಾಸ್ತಿ. ಯಾರೋ ಹಲ್ಲಿನ ವೈದ್ಯನಿರಬೇಕು ಎಂದುಕೊಂಡು 'ಆ' ಎಂದ. ಬೊಮ್ಮಲಿಂಗ ಬಗ್ಗಿ ನೋಡಿದ. ಕೆಂಪೆಂದರೆ ಕೆಂಪು! ನಾಲಿಗೆ ಕೆಂಪು, ವಸಡು ಕೆಂಪು, ಉಳಿದ ಹಲ್ಲೂ ಕೆಂಪು!

"ಛೇ ಛೇ! ಪೂರ್ತಿ ತುಕ್ಕು ಹಿಡಿದಿದೆ! ಬೇಡ, ಬೇಡ!"

"ಯಾವುದೋ ತುಕ್ಕು?"

"ನಿನಗೇ ಅಜ್ಜಾ! ಒಳಗೆಲ್ಲ ಹೋಗಿದೆ. ಇನ್ನು ನೀನು ಬಹಳ ದಿನ ಓಡಲ್ಲ."

ಅಷ್ಟು ಮಾತ್ರ ಅಜ್ಜನಿಗೆ ಚೆನ್ನಾಗಿ ಕೇಳಿಸಿತು. ಕೈಗೆ ಸಿಕ್ಕ ಅಡಕತ್ತರಿ ಬೀಸಿದ. ಬೊಮ್ಮಲಿಂಗ ತಪ್ಪಿಸಿಕೊಂಡು ಬಂದ. ಹೇಗೆ ಬಂದ? ಎದೆ ಮುಂದೆ, ಹೊಟ್ಟೆ ಹಿಂದೆ, ಬೀದಿಯ ನಟ್ಟನಡುವೆ ಬಂದ.

"ಅವ್ವಾ! ಹೇಳಿದ್ದು ಹೇಳಿದ ಹಾಗೆ ಮಾಡಿದೆ! ಬಾಯಿ ತೆಗೆಸಿದೆ, ಕೆಂಪಗಿತ್ತು, ಬೇಡ ಅಂದೆ!"

"ತುಕ್ಕು ಅಷ್ಟೊಂದು ಇತ್ತಾ?"

"ಎಲೆಅಡಿಕೆ ಜೊತೆ ಸೇರಿ ಇನ್ನೂ ಜಾಸ್ತಿ ಇತ್ತು!"

ಪಾಲವ್ವನ ಕೈಯಲ್ಲಿದ್ದ ಹುರಿಯುವ ಸೌಟು ಭಟ್ಟಿಯ ಬಿಸಿ ಮರಳಿಗೆ ಬಿತ್ತು. "ಅಯ್ಯೋ ನನ್ನ ಪುಣ್ಯವೇ! ದೇವರಂಥ ಮುದುಕನ ಬಾಯಿ ತೆಗೆಸಿದೆಯಲ್ಲೋ! ಗಾಡಿಗೆ ಮುಂದುಗಡೆ ರೇಡಿಯೇಟರ್ ಇರುತ್ತೆ, ನೀರು ತುಂಬೋ ಜಾಗ. ಅದರ ಬಾಯಿ ಕಣೋ! ಇನ್ನು ಯಾರ ಬಾಯಿಯ ತಂಟೆಗೂ ಹೋಗಬೇಡ. ಮೇಗಳಪಾಳ್ಯದಲ್ಲಿ ಒಂದು ಗಾಡಿ ಇದೆ. ಗಾಡಿ ಮುಂದೆ ನೆಟ್ಟಗೆ ನಿಂತ್ಕೋ. ಇಂಜಿನ್ ಚಾಲೂ ಮಾಡಿಸು. ಗುಳ್ಳೆ ಎದ್ದಿದೆಯಾ ನೋಡು. ಗುಳ್ಳೆ ಎದ್ದಿದ್ದರೆ ಹೆಡ್ ಹೋಗಿದೆ ಅಂತ ಲೆಕ್ಕ. ಹೆಡ್ ಅಂದರೆ ಇಂಜಿನ್ನಿನ ತಲೆ. ಅದು ಹೋದರೆ ಎಲ್ಲಾ ಹೋದಂಗೆ!"

"ಗುಳ್ಳೆ ಎದ್ದಿದ್ದರೆ ಹೆಡ್ ಹೋಗಿದೆ. ಗುಳ್ಳೆ ಎದ್ದಿದ್ದರೆ ಹೆಡ್ ಹೋಗಿದೆ." ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಹೋದ.

ಮೇಗಳಪಾಳ್ಯದ ಆ ಮನೆಯಲ್ಲಿ ಅಂದು ಸಡಗರ. ಮನೆಯ ಮಗ ಚನ್ನವೀರನಿಗೆ ಸಂಬಂಧ ಕುದುರಿ, ಹೆಣ್ಣಿನ ಕಡೆಯವರು ಮನೆ ನೋಡಲು ಬಂದು ಜಗಲಿ ತುಂಬಾ ಕೂತಿದ್ದರು. ಚನ್ನವೀರ ಇಸ್ತ್ರಿ ಅಂಗಿ ಹಾಕಿದ್ದ. ಬೊಮ್ಮಲಿಂಗ ಬಂದು ಗಾಡಿ ನೋಡಬೇಕೆಂದಾಗ, ಭಾವೀ ಮಾವಂದಿರ ಎದುರಿಗೆ ಅದನ್ನು ಚಾಲೂ ಮಾಡಿ ತೋರಿಸುವ ಅವಕಾಶ ಸಿಕ್ಕಿತಲ್ಲ ಎಂದು ಅವನಿಗೂ ಹೆಮ್ಮೆ. ಹಾರಿ ಸೀಟಿನ ಮೇಲೆ ಕೂತ. ಬುರ್ರ್ ಎಂದಿತು ಇಂಜಿನ್.

ಬೊಮ್ಮಲಿಂಗ ಗಾಡಿಯ ಮುಂದೆ ನೆಟ್ಟಗೆ ನಿಂತು ನೆಟ್ಟಗೆ ನೋಡಿದ. ಎದುರಿಗೆ ಗಾಜು. ಗಾಜಿನ ಹಿಂದೆ ಚನ್ನವೀರನ ಮುಖ. ಪ್ರಾಯದ ಹುಡುಗ, ಕೆನ್ನೆಯ ತುಂಬಾ ಗುಳ್ಳೆ, ಹಣೆಯ ಮೇಲೂ ಗುಳ್ಳೆ!

"ಗುಳ್ಳೆ ಎದ್ದಿದೆ!" ಎಂದು ಕೂಗಿದ. "ಹೆಡ್ ಹೋಗಿದೆ! ಇದು ಬೇಡ!"

ಜಗಲಿಯ ಮೇಲಿದ್ದ ಹೆಣ್ಣಿನ ಸೋದರಮಾವ ಟೀ ಲೋಟ ಕೆಳಗಿಟ್ಟ. "ಏನಪ್ಪಾ? ಯಾರ ಹೆಡ್ ಹೋಗಿದೆ?"

"ಒಳಗೆ ಕೂತಿದೆಯಲ್ಲ, ಅದರದ್ದೇ. ತಲೆ ಹೋಗಿದೆ. ತಲೆ ಹೋದರೆ ಎಲ್ಲಾ ಹೋದಂಗೆ. ನೀವೂ ನೋಡೋಕೆ ಬಂದವರಾ? ಬೇಡ, ಸುಮ್ಮನೆ ಎದ್ದು ಹೋಗಿ!"

"ನಮ್ಮ ಹುಡುಗನ ತಲೆ ಸರಿ ಇಲ್ಲ ಅಂತೀಯೇನೋ!" ಎಂದು ಚನ್ನವೀರನ ತಾಯಿ ಒನಕೆ ಹಿಡಿದು ಬಂದಳು. ಹೆಣ್ಣಿನ ಕಡೆಯವರಿಗೆ ನಗು ತಡೆಯಲಾಗಲಿಲ್ಲವಂತೆ, ಸಂಬಂಧ ಉಳಿಯಿತಂತೆ. ಬೊಮ್ಮಲಿಂಗನ ಬೆನ್ನು ಮಾತ್ರ ಉಳಿಯಲಿಲ್ಲ. ಆದರೂ ಮನೆಗೆ ಹೇಗೆ ಬಂದ? ಎದೆ ಮುಂದೆ, ಹೊಟ್ಟೆ ಹಿಂದೆ, ಬೆನ್ನು ಉಜ್ಜಿಕೊಳ್ಳುತ್ತಾ ಬೀದಿಯ ನಟ್ಟನಡುವೆ ಬಂದ.

"ಅವ್ವಾ! ಹೇಳಿದ್ದು ಹೇಳಿದ ಹಾಗೆ ಮಾಡಿದೆ!"

ಪಾಲವ್ವ ಎಲ್ಲಾ ಕೇಳಿಸಿಕೊಂಡಳು. ಅತ್ತಳೋ ನಕ್ಕಳೋ ಹೇಳುವುದು ಕಷ್ಟ. "ಅಯ್ಯೋ ನನ್ನ ಪುಣ್ಯವೇ! ಮುಖದ ಗುಳ್ಳೆ ಅಲ್ಲ ಕಣೋ, ನೀರಿನ ಗುಳ್ಳೆ! ಸಂತೆ ಹತ್ತಿರ ಬಂತು, ಮೂಟೆ ಸೂರು ಮುಟ್ಟಿದೆ, ನೀನು ಊರೂರಲ್ಲಿ ಒದೆ ತಿಂದು ಬರ್ತಿದೀಯ! ಇದೊಂದು ಸಲ ನೆಟ್ಟಗೆ ಮಾಡು. ಹೊಸಗೇರಿ ದಾರಿಯಲ್ಲಿ ಕರಿಬಸಣ್ಣಂದು ಒಂದು ಗಾಡಿ ಇದೆ. ಮುಂದೆ ನಿಲ್ಲಬೇಡ. ಹಿಂದೆ ನಿಂತು ಹೊಗೆ ನೋಡು. ಬಿಳೀ ಹೊಗೆ ನಿಲ್ಲದೆ ಬರ್ತಿದ್ದರೆ ನೀರು ಇಂಜಿನ್ನಿಗೆ ಇಳಿದಿದೆ ಅಂತ. ಬಿಳೀ ಹೊಗೆ ಕಂಡೆಯಾ, ಅಲ್ಲಿ ನಿಲ್ಲಲೇ ಬೇಡ. ಬೆನ್ನು ತಿರುಗಿಸಿ ಬಂದುಬಿಡು!"

"ನಿಲ್ಲೋದೇ ಇಲ್ಲ ಅವ್ವಾ!"

ಹೊರಟ. ಊರಬಾಗಿಲ ಆಂಜನೇಯನ ಗುಡಿಯಲ್ಲಿ ಪೂಜಾರಿ ಸಾಂಬ್ರಾಣಿ ಹಾಕಿದ್ದರು. ಗುಡಿಯೊಳಗಿಂದ ಬಿಳೀ ಹೊಗೆ ಬುಸುಬುಸು ಬಂತು. ಬೊಮ್ಮಲಿಂಗ ನೋಡಿದ, ಕೈ ಮುಗಿದ, "ಸ್ವಾಮೀ, ನಿನ್ನ ಇಂಜಿನ್ನಿಗೂ ನೀರು ಇಳಿದಿದೆ!" ಎಂದು ಬೆನ್ನು ತಿರುಗಿಸಿ ಓಡಿದ. ಓಡಿ ಓಡಿ ಮನೆಯ ಹತ್ತಿರ ಬಂದ. ನೋಡುತ್ತಾನೆ, ಅವ್ವ ಭಟ್ಟಿಗೆ ಹಸಿ ಸೌದೆ ಒಟ್ಟಿದ್ದಾಳೆ, ಮಾಡಿನ ಮೇಲೆಲ್ಲ ಬಿಳೀ ಹೊಗೆ!

"ಅಯ್ಯಯ್ಯೋ! ನಮ್ಮ ಮನೆಯೂ ಹೋಯ್ತು!" ಎಂದು ಅಲ್ಲಿಂದಲೂ ಬೆನ್ನು ತಿರುಗಿಸಿದ. ಅತ್ತ ಗುಡಿ, ಇತ್ತ ಮನೆ. ಎತ್ತ ಹೋದರೂ ಬಿಳೀ ಹೊಗೆ. ನಡುಬೀದಿಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಉಳಿದ. ಊಟಕ್ಕೂ ಬರಲಿಲ್ಲ. ಪಾಲವ್ವನೇ ಹೊರಗೆ ಬಂದು ರಟ್ಟೆ ಹಿಡಿದಳು.

"ಏನೋ ಇದು?"

"ನಿಲ್ಲಬೇಡ ಅಂದೆಯಲ್ಲ ಅವ್ವಾ. ಬೆಳಗಿನಿಂದ ಎಲ್ಲೂ ನಿಂತಿಲ್ಲ!"

ಪಾಲವ್ವ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಮರುದಿನವೇ ಸಂತೆ. ಪಕ್ಕದ ಬೀದಿಯ ತಂಗಿಯನ್ನು ಕರೆದು ಭಟ್ಟಿಯನ್ನು ಅವಳ ಕೈಗೆ ಒಪ್ಪಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಡಿಯೋ. ನಾನೇ ನೋಡ್ತೀನಿ. ನೀನು ಸುಮ್ಮನೆ ನನ್ನ ಜೊತೆ ಬಾ."

ಈಗ ಪಾಲವ್ವನನ್ನು ನೋಡಬೇಕಿತ್ತು ನೀವು! ಇಲ್ಲಿಗೆ ಬಂದಾಗ ರುದ್ರಪ್ಪನವರು ತಾವೇ ಗಾಡಿಯ ಮುಂದೆ ನಿಂತವರಂತೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಕರಿಬಸಣ್ಣ ಗಾಡಿ ತೊಳೆದು, ಹೂವು ಮುಡಿಸಿ ನಿಲ್ಲಿಸಿದ್ದ. "ಬಾ ಅಕ್ಕಾ, ಕೀಲಿ ತಿರುಗಿಸಿದರೆ ಸಾಕು, ಒಂದೇ ಏಟಿಗೆ ಚಾಲೂ ಆಗುತ್ತೆ ನೋಡು!"

ಪಾಲವ್ವ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ಆಗದೆ ಏನು? ನಾನು ಬರೋ ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿದೀಯ. ತಣ್ಣಗಿರೋ ಇಂಜಿನ್ ನಿಜ ಹೇಳುತ್ತೆ ಕರಿಬಸಣ್ಣಾ. ಆರಲಿ."

"ಅಷ್ಟು ಹೊತ್ತು ಕಾಯ್ತೀಯಾ?"

"ದಿನಾ ಬೆಂಕಿ ಮುಂದೆ ಕೂರೋಳು ನಾನು. ಬೇವಿನ ನೆರಳಲ್ಲಿ ಕೂರೋಕೆ ನನಗೇನು ಕಷ್ಟ?"

ಕೂತಳು. ಬಾಯಲ್ಲಿ ನಾಮಸ್ಮರಣೆ, ಕಣ್ಣು ಗಾಡಿಯ ಮೇಲೆ. ಪೂರ್ತಿ ಆರಿದ ಮೇಲೆ ಎದ್ದಳು. ರೇಡಿಯೇಟರಿನ ಮುಚ್ಚಳದ ಮೇಲೆ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿ ತೆಗೆದಳು. ನೀರು ಕಂಠದ ತನಕ ಇದೆ, ತುಕ್ಕಿಲ್ಲ, ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿಲ್ಲ. ಇಂಜಿನ್ ಆಯಿಲ್ಲಿನ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡಳು. ಕಪ್ಪಗಿದೆ, ನೀರು ಬೆರೆತು ಮಜ್ಜಿಗೆಯ ಹಾಗೆ ಬೆಳ್ಳಗಾಗಿಲ್ಲ. ರಬ್ಬರ್ ಪೈಪುಗಳನ್ನು ಹಿಸುಕಿದಳು, ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಳು. ಚಾಲೂ ಮಾಡಿಸಿದಳು. ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಮೊದಲು ಬಂದ ಹೊಗೆ ತೆಳ್ಳಗಾಗಿ ಕರಗಿತು. ಮುಚ್ಚಳ ಬಿಗಿಮಾಡಿ, ಸೀಟಿನ ಮೇಲೆ ತಾನೇ ಕೂತು ಏರಿನ ತನಕ ಓಡಿಸಿಕೊಂಡು ಬಂದು, ಮತ್ತೆ ಆರಲು ಬಿಟ್ಟು, ಮತ್ತೆ ನೋಡಿದಳು. ಇದ್ದ ನೀರು ಇದ್ದಲ್ಲೇ ಇತ್ತು.

ಕರಿಬಸಣ್ಣ ಬೆವರು ಒರೆಸಿಕೊಂಡ. "ಅಕ್ಕಾ, ನಮ್ಮ ಮನೆಗೆ ಸೊಸೆ ತರುವಾಗ ನಾವು ಇಷ್ಟು ನೋಡಲಿಲ್ಲ!"

"ಸೊಸೆಗೆ ಬಾಯಿದೆ, ಹೇಳ್ತಾಳೆ. ಇದಕ್ಕೆ ಬಾಯಿದ್ದರೂ ಹೇಳೋದಿಲ್ಲ, ನಾವೇ ನೋಡಬೇಕು" ಎಂದಳು ಪಾಲವ್ವ. ಗುಂಡಿನ ಸರ ಕರಿಬಸಣ್ಣನ ಕೈಗೆ ಹೋಯಿತು, ಗಾಡಿ ಅವಳದಾಯಿತು.

ತನ್ನ ಗಾಡಿಯನ್ನು ತಾನೇ ಓಡಿಸಿಕೊಂಡು ಮಲ್ಲಗೊಂಡನಹಟ್ಟಿಗೆ ಬಂದಳು. ಬೀದಿಯ ಜನ ಎದ್ದು ನಿಂತರು. ಆಂಜನೇಯನ ಮುಂದೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಆ ಹೆಮ್ಮೆಯಲ್ಲಿ ಮಗನ ಮೇಲೂ ಪ್ರೀತಿ ಉಕ್ಕಿ ಬಂತು.

"ಬೊಮ್ಮಾ, ಇದು ನಮ್ಮ ಗಾಡಿ ಕಣೋ. ನಾಳೆ ಸಂತೆಗೆ ನೀನು ಹಿಂದೆ ಕೂತ್ಕೋ. ನೀರಿನ ಡ್ರಮ್ ನಿನ್ನ ಜವಾಬ್ದಾರಿ. ಬಿಸಿ ಏರಿದರೆ ನೀರು ಹಾಕಬೇಕು. ಅದೊಂದು ನೆನಪಿಟ್ಕೋ!"

"ಬಿಸಿ ಏರಿದರೆ ನೀರು! ಮರೆಯಲ್ಲ ಅವ್ವಾ!"

ಬೆಳಗಾಯಿತು. ಹಳೇ ಮೂಟೆ ಸಾಲದು ಎಂದು ಪಾಲವ್ವ ನಸುಕಿನಲ್ಲೇ ಎದ್ದು ಇನ್ನಷ್ಟು ಹುರಿದು, ಬಿಸಿ ಬಿಸಿಯಾಗಿಯೇ ಮೂಟೆ ಕಟ್ಟಿ, ಎಲ್ಲವನ್ನೂ ಗಾಡಿಗೆ ತುಂಬಿಸಿದಳು. ಬೊಮ್ಮಲಿಂಗ ಮೂಟೆಗಳ ಮೇಲೆ ಕೂತ. ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಕೂತ ಜಾಗ ಬೆಚ್ಚಗಾಯಿತು. ಮುಟ್ಟಿ ನೋಡಿದ. ಬಿಸಿ! ಪಕ್ಕದ ಮೂಟೆ ಮುಟ್ಟಿದ. ಅದೂ ಬಿಸಿ!

"ಬಿಸಿ ಏರಿದೆ!" ಎಂದು ಡ್ರಮ್ಮಿನ ನೀರಿಗೆ ಹಿತ್ತಾಳೆ ಚೆಂಬು ಅದ್ದಿದ.

ಹೊಸಗೇರಿ ಸಂತೆಯಲ್ಲಿ ಗಾಡಿ ನಿಂತಿತು. ಪಾಲವ್ವ ತಲೆ ಎತ್ತಿ ಇಳಿದಳು. ಹಿಂದೆ ಬಂದು ನೋಡುತ್ತಾಳೆ, ಗಾಡಿಯಿಂದ ನೀರು ತೊಟ್ಟಿಕ್ಕುತ್ತಿದೆ.

"ಅಯ್ಯೋ, ನಮ್ಮ ಗಾಡಿ ಸೋರ್ತಿದೆಯಾ?"

"ಗಾಡಿ ಅಲ್ಲ ಅವ್ವಾ, ಮೂಟೆ! ಬಿಸಿ ಏರಿತ್ತು. ಒಂದನ್ನೂ ಬಿಡಲಿಲ್ಲ. ಹಳೇವು ತಣ್ಣಗಿದ್ದವು, ಅವಕ್ಕೆ ಬೇಜಾರಾಗಬಾರದು ಅಂತ ಅವಕ್ಕೂ ಹಾಕಿದೆ. ಹೇಳಿದ್ದು ಹೇಳಿದ ಹಾಗೆ ಮಾಡಿದೆ!"

ಪಾಲವ್ವ ಚಕ್ರಕ್ಕೆ ಒರಗಿ ಕೂತಳು. ಮೂಟೆಯೊಳಗೆ ಕೈ ಹಾಕಿದರೆ ಗರಿಗರಿ ಮಂಡಕ್ಕಿ ಮೆತ್ತಗೆ ಹತ್ತಿಯಾಗಿತ್ತು. ಕೊಡೋಕೆ ಮತ್ತೇನಿಲ್ಲ ಎಂದು ದೇವರಿಗೆ ಹೇಳಿ ತಂದ ಗಾಡಿ, ಅದರ ಮೊದಲ ಸಂತೆ! ಎದುರಿನ ಕಾಳಿನ ವ್ಯಾಪಾರಿ ನಕ್ಕ: "ಏನ್ ಪಾಲವ್ವಾ, ಮಂಡಕ್ಕಿಗೆ ತಲೆಗೆ ನೀರು ಹಾಕ್ಸಿ ಕರ್ಕೊಂಡು ಬಂದಿದೀಯ!"

ಆ ಮಾತು ನಾಟಿತು. ಪಾಲವ್ವ ಒಂದು ಬೊಗಸೆ ಮಂಡಕ್ಕಿ ಎತ್ತಿದಳು. ಹಿಂಡಿದಳು. ನೀರು ಇಳಿಯಿತು. ನೋಡಿದಳು. ನೆನೆಸಿ ಹಿಂಡಿದ ಮಂಡಕ್ಕಿ ನಮ್ಮ ಕಡೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಎದ್ದಳು! "ಅಣ್ಣಾ, ನಗೋದು ಆಮೇಲೆ. ಮೊದಲು ನಿನ್ನ ಕಾಳು ಹುರಿಯೋ ಆ ದೊಡ್ಡ ಬಾಣಲೆ ಕೊಡು!" ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಸಂತೆಯಲ್ಲೇ ಕಡ ತಂದ ಎಣ್ಣೆ ಕಾಯಿತು. ಸಾಸಿವೆ ಚಟಪಟ ಎಂದಿತು. ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು, ಅರಿಶಿನ, ಮೇಲೆ ಪುಟಾಣಿ ಹಿಟ್ಟು, ನಿಂಬೆಹುಳಿ. ಒಗ್ಗರಣೆ ಮಂಡಕ್ಕಿಯ ಘಮ ಸಂತೆಯ ಉದ್ದಕ್ಕೂ ಹೋಯಿತು. ಕುರಿ ಮಾರುವವನು ಕುರಿ ಬಿಟ್ಟು ಬಂದ. ಬಳೆಗಾರ್ತಿ ಅರ್ಧ ಬಳೆ ತೊಡಿಸಿ ಎದ್ದು ಬಂದಳು. ನಕ್ಕಿದ್ದ ಕಾಳಿನ ವ್ಯಾಪಾರಿ ಮುತ್ತುಗದ ಎಲೆ ಹಿಡಿದು, "ಅಕ್ಕಾ, ತಳ ಹಿಡಿದಿದ್ದಾದರೂ ಹಾಕು" ಅಂದ. ಹೊತ್ತು ಇಳಿಯುವ ಮೊದಲೇ ಮೂಟೆಗಳು ಖಾಲಿ!

"ಮುಂದಿನ ಸಂತೆಗೂ ಬರ್ತೀಯಲ್ಲ?" ಎಂದು ಜನ ಕೇಳಿದರು.

"ನನ್ನ ಗಾಡಿ, ನನ್ನ ಭಟ್ಟಿ. ಬರದೆ ಏನು?" ಎಂದಳು ಪಾಲವ್ವ. ಆ ಸಂತೆಯಲ್ಲಿ ಅವಳಷ್ಟು ಎತ್ತರದವರು ಯಾರೂ ಇರಲಿಲ್ಲ.

ಮಂಡಕ್ಕಿ ಮುಗಿದ ಮೇಲೆ ಮಿಕ್ಕ ಒಗ್ಗರಣೆಯನ್ನು ಹಿತ್ತಾಳೆ ಚೆಂಬಿಗೆ ತುಂಬಿ ಮಗನ ಕೈಗೆ ಕೊಟ್ಟು, ಈ ಸಲ ಮೆತ್ತಗೆ ಬೈದಳು. "ನೋಡು ಬೊಮ್ಮಾ, ಬರೀ ನೀರು ಸುರಿದು ಕೂತರೆ ಕೆಲಸ ಆಗಲ್ಲ. ನೀರು ಹಾಕಿದ ಮೇಲೆ ಒಗ್ಗರಣೆ ಬೀಳಬೇಕು. ಮಾನ ಉಳಿಸಿದ್ದು ಒಗ್ಗರಣೆ ಕಣೋ!"

"ನೀರಾದ ಮೇಲೆ ಒಗ್ಗರಣೆ. ಆಗಲಿ ಅವ್ವಾ!"

ಹಿಂದಿರುಗುವ ದಾರಿಯಲ್ಲಿ ಏರು ಹತ್ತಿ, ಗುಡ್ಡದ ನೆತ್ತಿಯ ಬಸವಣ್ಣನ ಕಟ್ಟೆಯ ಹತ್ತಿರ ಪಾಲವ್ವ ಗಾಡಿ ನಿಲ್ಲಿಸಿದಳು. ಇಂಜಿನ್ ಆರುವ ತನಕ ಕಾದಳು, ತಾನೇ ಮುಚ್ಚಳ ತೆಗೆದಳು. "ನೀರು ಒಂಚೂರು ಇಳಿದಿದೆ, ಒಂದು ಲೋಟ ಹಾಕು. ದೇವರಿಗೆ ಒಂದು ಸುತ್ತು ಹಾಕಿ ಬರ್ತೀನಿ" ಎಂದು ಹೋದಳು.

ಕಣ್ಣು ಮುಚ್ಚಿ ಕೈ ಮುಗಿದಿದ್ದಾಳೆ, ಮೂಗಿಗೆ ಘಮ್ ಎಂದಿತು. ಎಲ್ಲಿಂದ ಈ ಕರಿಬೇವಿನ ವಾಸನೆ? ತಿರುಗಿ ನೋಡಿದಳು. ಓಡಿ ಬಂದಳು. ರೇಡಿಯೇಟರಿನ ಬಾಯಿಯಲ್ಲಿ ಸಾಸಿವೆ ತೇಲುತ್ತಿದೆ, ಅರಿಶಿನದ ಎಣ್ಣೆ ಮಿರಮಿರ ಮಿನುಗುತ್ತಿದೆ. ಚೆಂಬು ಬರಿದು.

"ಬೊಮ್ಮಾ! ಏನೋ ಮಾಡಿದೆ?"

ಬೊಮ್ಮಲಿಂಗ ಎದೆ ಮುಂದೆ ಮಾಡಿ, ಹೊಟ್ಟೆ ಹಿಂದೆ ಮಾಡಿ, ಗಾಡಿಯ ಕೆಳಗೆ ರೇಡಿಯೇಟರಿನ ನೀರು ಬಿಡುವ ನಲ್ಲಿಗೆ ಮುತ್ತುಗದ ಎಲೆ ಹಿಡಿದು ಕೂತಿದ್ದ.

"ಉಪ್ಪು ಮಾತ್ರ ನೀನೇ ನೋಡಿ ಹೇಳು ಅವ್ವಾ!"

ಇಷ್ಟು ಹೇಳಿ ರುದ್ರಪ್ಪನವರು ತಾಳ ಎತ್ತಿ ಒಂದೇ ಒಂದು ಸಲ 'ಝಣ್' ಎನ್ನಿಸುತ್ತಿದ್ದರು. ನನ್ನ ಕೈಗೆ ಬಂದ ಕತೆ ನಿಮ್ಮ ಕೈಗೆ ಹಾಕಿದ್ದೇನೆ. ನಿಮ್ಮಲ್ಲೇ ಇಟ್ಟುಕೊಂಡು ಮೆತ್ತಗಾಗಿಸಬೇಡಿ. ಹಳೇ ಗಾಡಿ ಕೊಳ್ಳಲು ಹೊರಟವರು ಯಾರಾದರೂ ಎದುರಾದರೆ, ಒಂದು ಗಳಿಗೆ ನೆರಳಲ್ಲಿ ಕೂರಿಸಿ, ಇದನ್ನು ಹೇಳಿ ಕಳಿಸಿ.